ದೊಡ್ಡಣ್ಣನ ಪಾಲು

ನಮ್ಮ ಕಡೆ ಯಾವ ಮನೆಯಲ್ಲಿ ಕೇಳಿದರೂ ಕಾಣೆಯಾದವರೊಬ್ಬರು ಇದ್ದೇ ಇರುತ್ತಾರೆ. ಯಾವಾಗ ಕಾಣೆಯಾದರು ಎಂದರೆ ಎಲ್ಲರದೂ ಒಂದೇ ಉತ್ತರ, ‘ಗದ್ದಲದಾಗ.’ ನಿಜಾಮನ ಆಳ್ವಿಕೆ ಮುಗಿಯುವ ಹೊತ್ತಿನ ಆ ದಿನಗಳನ್ನು ಯಾದಗಿರಿ, ಶಹಾಪುರ, ಸುರಪುರದ ಹಳಬರು ಇಂದಿಗೂ ಬರೀ ಗದ್ದಲ ಎಂದೇ ಕರೆಯುತ್ತಾರೆ. ಆಗ ಸತ್ತವರು ಬಹಳ ಮಂದಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಿಟ್ಟಾಗಿ ಮನೆಬಿಟ್ಟವರು, ಮನಸ್ಸು ಎಳೆದ ಕಡೆ ಹೋದವರು, ಹೇಳದೇ ಹೋದವರು, ಇವರೆಲ್ಲರನ್ನೂ ಆ ಒಂದು ಗದ್ದಲದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನಮ್ಮವರಿಗೆ ರೂಢಿಯಾಗಿಬಿಟ್ಟಿದೆ. ಯಾಕೆ, ಹೇಗೆ ಎಂದು ಕೇಳಿದರೆ ‘ಸತ್ತವರ ಬಗ್ಗೆ ಹಂಗೆಲ್ಲಾ ಕೇಳಬಾರದು’ ಅಂತಾರೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ತಿರುಗಿದ ನನ್ನ ಕಿವಿಗೆ ‘ಕೇಳಬಾರದು’ ಅನ್ನುವುದು ‘ಕೇಳು’ ಅಂತಲೇ ಬೀಳುತ್ತದೆ.

ನಮ್ಮ ಮನೆಯಲ್ಲಿ ಕಾಣೆಯಾದವನು ಮುತ್ಯಾನ ಅಣ್ಣ, ಅಂದರೆ ನನ್ನ ಅಪ್ಪನ ದೊಡ್ಡಪ್ಪ. ನಮ್ಮದು ಶಹಾಪುರ ತಾಲೂಕಿನ ಒಂದು ಹಳ್ಳಿ. ಮನೆಯವರು ಹೇಳುವ ಕತೆ ಇಷ್ಟೇ: ಹತ್ತೊಂಬತ್ತರ ಹುಡುಗ, ಹಳ್ಳದ ದಂಡೆಗೆ ದನ ಹೊಡೆದುಕೊಂಡು ಹೋದ. ಸಂಜೆಗೆ ದನ ಬಂದವು, ಅವನು ಬರಲಿಲ್ಲ. ದಾರಿಹೋಕ ದಂಡಿನವರು ಯಾರೋ ಹೊಡೆದು ನೀರಿಗೆ ಒಗೆದರು.

ಒಂದು ದಿನ ಊಟಕ್ಕೆ ಕೂತ ಅಪ್ಪನನ್ನು ನಾನು ಪಾಟೀಸವಾಲಿಗೆ ಹಿಡಿದೆ.

“ಹೊಡೆದದ್ದು ಯಾರು ನೋಡಿದ್ರು?”

“ನೋಡಿದವರು ಇರಬೇಕಲ್ಲ.”

“ಹೆಣ ಸಿಕ್ಕಿತ್ತೇನು?”

“ಗದ್ದಲದಾಗ ಹೆಣ ಎಲ್ಲಿ ಹುಡುಕ್ತಾರ? ಆ ವರ್ಷ ಊರಾಗ ಏನೇನು ಆಗ್ಲಿಲ್ಲ? ಅದೇ ವಾರ ಗಂಡ ಸತ್ತ ಹುಡುಗಿ ಒಬ್ಬಾಕಿ ಬಾವಿಗೆ ಬಿದ್ದು ಹೋದ್ಲಂತ. ಆಕಿದೂ ಹೆಣ ಸಿಗ್ಲಿಲ್ಲ.”

“ನಿನಗ ಈ ಸುದ್ದಿ ಯಾರು ಹೇಳಿದ್ರು?”

“ನಮ್ಮಪ್ಪ.”

“ಮುತ್ಯಾಗ ಯಾರು ಹೇಳಿದ್ರು?”

“ಅವರವ್ವ.”

“ಆಕಿಗೆ?”

“ಯಾರೋ ಬಂದು ಹೇಳಿದ್ರಂತ ಮಾರಾಯ್ತಿ. ನನಗ ಉಣ್ಣಾಕ ಬಿಡ್ತೀಯೋ ಇಲ್ಲೋ?”

ಇಡೀ ಕತೆಯ ಬುಡದಲ್ಲಿ ಕೂತಿರುವ ಸಾಕ್ಷಿ ಈ ‘ಯಾರೋ’. ಅಪ್ಪ ರೊಟ್ಟಿ ಮುರಿದ, ನಾನು ಸುಮ್ಮನಾದೆ. ಒಪ್ಪಿ ಸುಮ್ಮನಾದದ್ದಲ್ಲ.

ಒಪ್ಪದಿರಲು ನನಗೆ ಇನ್ನೊಂದು ಕಾರಣವಿತ್ತು, ಅದು ನಮ್ಮ ಮನೆಯೊಳಗೇ ಇತ್ತು. ಮುತ್ಯಾನ ತಂಗಿ ನಮ್ಮ ಜೊತೆಯೇ ಇದ್ದಾಳೆ. ಎಲ್ಲರೂ ಸಣ್ಣಾಯಿ, ಅಂದರೆ ಚಿಕ್ಕಜ್ಜಿ, ಅಂತ ಕರೆಯುತ್ತೇವೆ. ಮದುವೆಯಾಗಿ ಅದೇ ಊರಲ್ಲಿ ಎರಡು ಓಣಿ ಆಚೆ ಹೋದವಳು, ಗಂಡ ತೀರಿದ ಮೇಲೆ ಅಣ್ಣನ ಮನೆಗೇ ಬಂದಳು. ಈಗ ಎಂಬತ್ತು ದಾಟಿದೆ. ದೊಡ್ಡಣ್ಣ ಕಾಣೆಯಾದಾಗ ಅವಳು ಆರೇಳು ವರ್ಷದ ಹುಡುಗಿ.

ನಾಗರ ಪಂಚಮಿಗೆ ಬೇವಿನ ಗಿಡದ ಕೆಳಗಿನ ನಾಗಪ್ಪನ ಕಲ್ಲಿಗೆ ಹಾಲು ಹಾಕುವಾಗ ನಮ್ಮಲ್ಲಿ ಮನೆಯವರ ಪಾಲು ಹೇಳುತ್ತಾರೆ. ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಅನ್ನುತ್ತಾ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಗುಟುಕು. ನಮ್ಮ ಮನೆಯ ಕಟ್ಟಳೆ ಏನೆಂದರೆ ಈ ಹಾಲು ಇದ್ದವರಿಗೆ ಮಾತ್ರ. ಸತ್ತವರಿಗೆ ಮಹಾನವಮಿ ಅಮಾವಾಸ್ಯೆಗೆ ಎಡೆ ಇಡುತ್ತಾರೆ, ಹಾಲು ಇಲ್ಲ. ಮುತ್ಯಾ ತೀರಿಕೊಂಡ ವರ್ಷ ಸಣ್ಣಾಯಿ ಅವನ ಪಾಲು ನಿಲ್ಲಿಸಿದಳು. ಆದರೆ ಎಲ್ಲರ ಹೆಸರು ಮುಗಿದ ಮೇಲೆ ತುಟಿಯಲ್ಲೇ ಇನ್ನೊಂದು ಹೇಳುತ್ತಿದ್ದಳು, “ದೊಡ್ಡಣ್ಣನ ಪಾಲು.” ಚಿಕ್ಕವಳಿದ್ದಾಗಿಂದ ನಾನು ಎಣಿಸುತ್ತಿದ್ದೆ. ಮನೆಮಂದಿಗಿಂತ ಒಂದು ಗುಟುಕು ಯಾವಾಗಲೂ ಹೆಚ್ಚು. ಅಮಾವಾಸ್ಯೆಗೆ ಅವನಿಗೆ ಎಡೆ ಇಡಲು ಹೋದರೆ ಬೇಡ ಅನ್ನುತ್ತಿದ್ದವಳೂ ಅವಳೇ. ಲಗ್ನವಾಗದವನಿಗೆ ಎಡೆ ಯಾಕೆ ಅಂತ ಅಪ್ಪ ಅದಕ್ಕೆ ತನ್ನದೇ ಅರ್ಥ ಹಚ್ಚಿಕೊಂಡಿದ್ದ.

ಎರಡು ವರ್ಷದ ಹಿಂದಿನ ಪಂಚಮಿಯಲ್ಲಿ ಹಾಲು ಹಾಕಿ ಮುಗಿಸಿ, ಬಟ್ಟಲು ಒರೆಸುತ್ತಾ ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

“ನೀ ಓದಿದಾಕಿ. ನಮ್ಮಣ್ಣ ಇದ್ದನಂದ್ರ ಈಗ ಎಷ್ಟು ವಯಸ್ಸು?”

“ತೊಂಬತ್ತೈದು ಆಗಿರ್ತದ.”

“ಅಷ್ಟು ವರ್ಷ ಇರ್ತಾರೇನು?”

“ಇರ್ತಾರ. ಕಮ್ಮಿ.”

“ಸತ್ತವಗ ಹಾಲು ಹಾಕಿದ್ರ ತಪ್ಪಾಗ್ತದ. ಇದ್ದವಗ ಬಿಟ್ರ...” ಅವಳು ಬಟ್ಟಲು ಒರೆಸುವುದನ್ನು ನಿಲ್ಲಿಸಿದಳು. “ಇನ್ನೊಮ್ಮಿ ನನ್ನ ಕೈಲೆ ಸಾಯಿಸಲಾರೆ ನಾ. ಹಾಕ್ಲೋ ಬ್ಯಾಡೋ, ಬರೋ ಪಂಚಮಿಯೊಳಗ ನೀನೇ ತಿಳಕೊಂಡು ಹೇಳು. ಅವಂದು ಅಂತ ಯಾರರ ಅದಾರೇನು, ಅದನ್ನೂ ನೋಡು.”

ವಾದದಲ್ಲಿ ಗೆಲ್ಲುವ ಚಟ ಇರುವವರಿಗೆ ಯಾರಾದರೂ ನಿಜವಾಗಿ ಒಂದು ಉತ್ತರ ಬೇಕು ಅಂದರೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಹುಡುಕುತ್ತೇನೆ ಅಂದೆ. ‘ಇನ್ನೊಮ್ಮಿ’ ಅನ್ನುವ ಮಾತು ಆಗ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಮೊದಲು ಕಾಗದದಿಂದ ಶುರುಮಾಡಿದೆ. ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ದಿನಾ ಶಹಾಪುರದಿಂದ ಬಸ್ಸು. ಕ್ಲಾಸು ಮುಗಿದ ಮೇಲೆ ಎರಡು ತಿಂಗಳು ಅರ್ಜಿ, ಶೋಧನೆ, ಮತ್ತೆ ಅರ್ಜಿ ಅಂತ ತಿರುಗಿ ನಮ್ಮ ಹೊಲದ ಹಳೆಯ ಪಹಣಿಯ ನಕಲು ತೆಗೆಸಿದೆ. ಎಲ್ಲಾ ಉರ್ದು. ನನಗೆ ಅದು ಮಳೆಯಲ್ಲಿ ನೆನೆದ ಇರುವೆ ಸಾಲಿನಂತೆ ಕಂಡಿತು. ಕಾಲೇಜಿನ ಜವಾನರು ಸ್ಟೇಷನ್ ಕಡೆಯ ಓಣಿಯಲ್ಲಿರುವ ಒಬ್ಬ ನಿವೃತ್ತ ಉರ್ದು ಮಾಸ್ತರರ ಮನೆ ತೋರಿಸಿದರು. ಮಾಸ್ತರರು ಚಹಾ ತರಿಸಿ, ನಾನು ಕುಡಿದು ಮುಗಿಸುವ ತನಕ ಕಾಗದವನ್ನು ಮುಟ್ಟಲೇ ಇಲ್ಲ. ಆಮೇಲೆ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಬಿಡಿಸುತ್ತಾ ಬಂದರು. ಮುತ್ಯಾನ ಅಪ್ಪನ ಹೆಸರು ಬಂತು. ಅದರ ಕೆಳಗೆ ಇಬ್ಬರು ಗಂಡುಮಕ್ಕಳ ಹೆಸರು. ದೊಡ್ಡವನ ಹೆಸರಿನ ಪಕ್ಕ ಸಣ್ಣದೊಂದು ಷರಾ.

“ಫೌತಿ ಅಂತ ಬರ್ದದೇನ್ರಿ?” ನಾನು ಅವಸರ ಮಾಡಿದೆ.

“ಠಹರೋ ಬೇಟಾ, ತಡಿ.” ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಸತ್ತಿದ್ರ ಫೌತ್ ಅಂತಾನೇ ಬರೀತಿದ್ರು. ಇಲ್ಲಿ ಲಾಪತಾ ಅಂತ ಅದ. ಪತ್ತಾ ಇಲ್ಲ, ಅಷ್ಟೇ. ಬರದಂವ ಹುಷಾರ್ ಇದ್ದ ನೋಡು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರ್ದಾನ.”

ಆ ಹೆಸರಿಲ್ಲದ ಗುಮಾಸ್ತನಿಗೆ ನಾನು ಅವತ್ತು ಮನಸ್ಸಿನಲ್ಲೇ ಕೈಮುಗಿದೆ. ಇಡೀ ಊರೇ ಸತ್ತ ಅಂದಾಗಲೂ ಅವನೊಬ್ಬ ತನಗೆ ತಿಳಿದಷ್ಟನ್ನೇ ಬರೆದಿದ್ದ. ಮಾಸ್ತರರಿಗೆ ಏನು ಕೊಡಲಿ ಅಂದರೆ, “ಸಿಕ್ಕರ ಬಂದು ಹೇಳು, ಇಲ್ಲಾ ಅಂದ್ರ ನನಗ ನಿದ್ದಿ ಬರಂಗಿಲ್ಲ” ಅಂದರು.

ಕಾಗದದ ಕೆಲಸ ಅಲ್ಲಿಗೆ ನಿಂತಿತು. ಲಾಪತಾ ಆದವನು ಎಲ್ಲಿಗೆ ಹೋದ ಎಂದು ಯಾವ ಪಹಣಿಯೂ ಹೇಳುವುದಿಲ್ಲ. ಅವನು ಬದುಕಿದ್ದರೆ ಮಕ್ಕಳಿರಬೇಕು, ಮಕ್ಕಳಿದ್ದರೆ ಮತದಾರರ ಪಟ್ಟಿಯಲ್ಲಿ ಇರಲೇಬೇಕು. ಹೀಗೆಂದುಕೊಂಡು ಯಾದಗಿರಿ, ಶಹಾಪುರ, ಸುರಪುರದ ಪಟ್ಟಿಗಳನ್ನು ಮೊಬೈಲಿಗೆ ಇಳಿಸಿಕೊಂಡೆ. ಅದರಲ್ಲಿ ಹೆಸರು ಒತ್ತಿ ಹುಡುಕಲು ಬರುವುದಿಲ್ಲ, ಪುಟ ಪುಟ ಕಣ್ಣಿಂದಲೇ ಓದಬೇಕು. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಓದಿದೆ. ಹುಡುಕಿದ್ದು ನಮ್ಮ ಅಡ್ಡಹೆಸರನ್ನು. ಭೀಮಾ ನದಿಯ ಸೇತುವೆ ಎಷ್ಟು ಸಲ ದಾಟಿದೆನೋ, ನಮ್ಮ ಅಡ್ಡಹೆಸರಿನವರು ನಮ್ಮೂರು ಬಿಟ್ಟು ಬೇರೆಲ್ಲೂ ಸಿಗಲಿಲ್ಲ. ಹತ್ತು ತಿಂಗಳು ಹೋದವು. ಅಷ್ಟರಲ್ಲಿ ಒಂದು ಪಂಚಮಿ ಬಂದು ಹೋಯಿತು. ಸಣ್ಣಾಯಿ ನನ್ನ ಮುಖ ನೋಡಿದಳು, ನಾನು ತಲೆ ಆಡಿಸಿದೆ, ಅವಳು ಹಾಲು ಹಾಕಿದಳು.

ನಾನು ಸೋತದ್ದನ್ನು ಹಿಡಿದವಳು ಅವ್ವ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ಪಟ್ಟಿ ಓದುತ್ತಿದ್ದೆ.

“ಏನು ಹುಡುಕ್ತಿ ಅದರಾಗ?”

“ನಮ್ಮ ಅಡ್ಡಹೆಸರು.”

ಅವ್ವ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. “ನನಗ ಈ ಊರಾಗ ಏನಂತ ಕರೀತಾರ?”

“ನಿಮ್ಮೂರ ಹೆಸರು ಹಿಡದು ಕರೀತಾರ. ಆ ಊರಾಕಿ ಅಂತ.”

“ಮತ್ತ ನಿನ್ನ ಅಡ್ಡಹೆಸರು ನಮ್ಮೂರಾಗ ಯಾರಿಗೆ ಗೊತ್ತದ? ಈ ಊರಾಗ ಮಾತ್ರ ಅದು ನಡೀತದ. ಊರು ಬಿಟ್ಟು ಹೋದವನಿಗೆ, ಹೋದ ಊರಾಗ ಬಿಟ್ಟ ಊರಿನ ಹೆಸರೇ ಇಡ್ತಾರ. ಮೊಮ್ಮಕ್ಕಳ ತನ ಅದೇ ನಡೀತದ. ಅಷ್ಟೂ ಗೊತ್ತಿಲ್ಲೇನು? ಊರೂರಿಗೆ ಹೋಗಿ ಡಿಬೇಟ್ ಮಾಡಿ ಬಂದಿ.”

ನನ್ನ ಕಿವಿ ಬಿಸಿಯಾಯಿತು. ನಮ್ಮ ಓಣಿಯಲ್ಲೇ ಗುರುಮಠಕಲ್ಲಿನಿಂದ ಬಂದ ಒಂದು ಮನೆ ಇದೆ, ಮೂರು ತಲೆಮಾರಿನಿಂದ ಅವರಿಗೆ ಆ ಊರಿನ ಹೆಸರೇ ಅಡ್ಡಹೆಸರು. ದಿನಾ ಕೂಗಿ ಮಾತಾಡಿಸುತ್ತೇನೆ, ಅದನ್ನೊಂದು ಸಾಕ್ಷಿ ಅಂತ ಯೋಚಿಸಿಯೇ ಇರಲಿಲ್ಲ. ನಮ್ಮ ಅಡ್ಡಹೆಸರು ದೊಡ್ಡದು, ಎಲ್ಲಿಗೆ ಹೋದರೂ ನಮ್ಮ ಜೊತೆ ಬರುತ್ತದೆ ಅನ್ನುವ ಹಮ್ಮು ಎಲ್ಲಿಂದ ಬಂತೋ. ಅವ್ವ ನಕ್ಕು ಮತ್ತೆ ರೊಟ್ಟಿ ಬಡಿಯತೊಡಗಿದಳು. ಈಗಲೂ ಆ ಬಡಿತ ಕೇಳಿದರೆ ನನಗೆ ಅವಳ ಮೇಲೆ ಒಂದು ತೆರನ ಕೃತಜ್ಞತೆ ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ.

ಪಟ್ಟಿಗಳನ್ನು ಮತ್ತೆ ಮೊದಲಿಂದ ಓದಿದೆ. ಈ ಸಲ ಹುಡುಕಿದ್ದು ನಮ್ಮೂರಿನ ಹೆಸರನ್ನು. ಸುರಪುರದ ಒಂದು ಓಣಿಯಲ್ಲಿ ಸಿಕ್ಕಿತು. ಎಪ್ಪತ್ತು ವರ್ಷದ ಗಂಡಸು. ಅಡ್ಡಹೆಸರು ನಮ್ಮೂರಿನದು. ತಂದೆಯ ಹೆಸರು ಮುತ್ಯಾನ ಅಣ್ಣನದೇ. ಸ್ವಂತ ಹೆಸರು ಮುತ್ಯಾನ ಅಪ್ಪನದು. ನಮ್ಮಲ್ಲಿ ಹಿರಿಮಗನಿಗೆ ಅಜ್ಜನ ಹೆಸರಿಡುತ್ತಾರೆ. ಮನೆಬಿಟ್ಟು ಹೋದವನೂ ತನ್ನ ಅಪ್ಪನ ಹೆಸರನ್ನೇ ಮಗನಿಗೆ ಇಟ್ಟಿದ್ದ. ಮೂರು ಹೊಂದಿಕೆ. ಇಷ್ಟಕ್ಕೇ ತೀರ್ಮಾನ ಕೊಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳು, “ಯಾಕವ್ವಾ, ಅಳಾಕತ್ತೀಯಲ್ಲ, ಏನರ ಕೆಟ್ಟ ಸುದ್ದಿ ಬಂತೇನು?” ಅಂತ ಕೇಳಿದಳು.

ಒಂದು ಭಾನುವಾರ ಸುರಪುರಕ್ಕೆ ಹೋದೆ. ಸಣ್ಣಾಯಿಗೆ ಹೇಳಲಿಲ್ಲ, ಸುಳ್ಳಾಗಿಬಿಟ್ಟರೆ ಎಂಬ ಹೆದರಿಕೆ. ಅವ್ವ ಮಾತ್ರ “ಬರಿಗೈಲೆ ಹೋಗಬ್ಯಾಡ” ಅಂತ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ಶಹಾಪುರದಿಂದ ಬಸ್ಸಿಗೆ ಒಂದು ತಾಸೂ ಇಲ್ಲ. ಸತ್ತವನು ಇಷ್ಟು ಹತ್ತಿರದಲ್ಲಿ ಇದ್ದನೆಂದು ಲೆಕ್ಕ ಹಾಕಿ ದಾರಿಯುದ್ದಕ್ಕೂ ಒಳಗೊಳಗೇ ಉರಿದುಕೊಂಡೆ. ಗುಡ್ಡದ ಮಗ್ಗುಲ ಓಣಿ, ಕಲ್ಲು ಮೆಟ್ಟಿಲು, ನೀಲಿ ಬಾಗಿಲು. ನನಗಿಂತ ಐದಾರು ವರ್ಷ ದೊಡ್ಡವಳೊಬ್ಬಳು ಬಾಗಿಲು ತೆರೆದಳು. ಅಂಗನವಾಡಿ ಟೀಚರ್ ಅಂತ ಆಮೇಲೆ ತಿಳಿಯಿತು.

“ಸರ್ವೇಕ್ಕ ಬಂದೀರೇನ್ರಿ? ಹೋದ ವಾರನೇ ಬಂದು ಚೀಟಿ ಅಂಟಿಸಿ ಹೋಗ್ಯಾರಲ್ಲ.”

“ಸರ್ವೇ ಅಲ್ರಿ. ನಾ ನಿಮಗ ತಂಗಿ ಆಗಬೇಕು. ಬಹುಶಃ.”

“ಬಹುಶಃ ಅಂದ್ರ?”

“ನೂರಕ್ಕ ತೊಂಬತ್ತು.”

“ಉಳಿದ ಹತ್ತು ಏನಾಗಬೇಕು? ಸೊಸಿ ಏನು?”

ಒಳಗಿನಿಂದ ಯಾರೋ ನಕ್ಕರು. ನಾನು ಹೊಸ್ತಿಲಲ್ಲೇ ನಿಂತು ನಮ್ಮೂರಿನ ಹೆಸರು, ಮುತ್ಯಾನ ಹೆಸರು, ಅವನ ಅಪ್ಪನ ಹೆಸರು ಹೇಳಿದೆ. ಅವಳು ಅಲುಗಲಿಲ್ಲ.

“ನಮ್ಮ ಮುತ್ಯಾನ ಕಡೆಯವರು ಯಾರೂ ಉಳಿದಿಲ್ರಿ. ಪ್ಲೇಗ್ ಬಂದಾಗ ಊರಾಗ ಎಲ್ಲಾರೂ ಹೋದ್ರು.”

“ಯಾರು ಹೇಳಿದ್ರು?”

“ಮುತ್ಯಾನೇ ಹೇಳ್ತಿದ್ದ.”

“ಅಂವ ಕಣ್ಣಾರೆ ನೋಡಿದ್ನೇನು?”

“ನೀ ಏನು ವಕೀಲಿ ಏನವಾ?”

“ಅಲ್ರಿ. ಪ್ಲೇಗಿನಾಗ ಹೋದವರ ಪೈಕಿ.”

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಬಾಗಿಲು ಪೂರ್ತಿ ತೆರೆದು, “ಸತ್ತವರು ಹೋಳಿಗಿ ಕಟಗೊಂಡು ಬಂದಾರ, ಒಳಗ ಕರಿಯೋಣಂತೆ” ಅಂದಳು. ಅಲ್ಲಿಂದ ಇವತ್ತಿನ ತನಕ ಅವಳು ನನಗೆ ಅಕ್ಕ.

ನಕ್ಕವರು ಅವಳ ಅಪ್ಪ, ಪಟ್ಟಿಯಲ್ಲಿದ್ದ ಎಪ್ಪತ್ತರ ಮನುಷ್ಯ. ಶಾಲೆಯೊಂದರಲ್ಲಿ ಜವಾನರಾಗಿ ನಿವೃತ್ತರಾದವರು. ನನಗೆ ದೊಡ್ಡಪ್ಪ ಆಗಬೇಕು. ಅವರ ಅಪ್ಪ ಸುರಪುರಕ್ಕೆ ಬಂದು ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡಿದರಂತೆ, ಹದಿನೈದು ವರ್ಷದ ಹಿಂದೆ ತೀರಿಕೊಂಡರಂತೆ. ಗೋಡೆಯ ಮೇಲೆ ಒಂದು ಫೋಟೊ ಇತ್ತು. ಗಂಡ ಹೆಂಡತಿ ಇಬ್ಬರೂ ಕುರ್ಚಿಯ ತುದಿಗೆ ಕೂತಿದ್ದರು. ಗಂಡಸಿನ ಮೂಗು ನಮ್ಮಪ್ಪನ ಮೂಗೇ. ಮೂಗು ಸಾಕ್ಷಿಯಾಗುವುದಿಲ್ಲ ಎಂದು ಗೊತ್ತಿದ್ದೂ ನಾನು ಅದನ್ನೇ ನೋಡುತ್ತಿದ್ದೆ.

“ನಮ್ಮ ಆಯಿನೂ ನಿಮ್ಮೂರಾಕಿನೇ,” ಅಕ್ಕ ಅಂದಳು. “ಮೊದಲಿನ ಗಂಡ ಸಣ್ಣಂದಿರಾಗೇ ತೀರಿದ್ನಂತ. ಮುತ್ಯಾ ಆಕೀನ್ನ ಕರಕೊಂಡು ಇಲ್ಲಿಗೆ ಬಂದ. ಇಷ್ಟು ಮಾತ್ರ ನಮಗ ಗೊತ್ತು.”

ಅಪ್ಪ ಊಟಕ್ಕೆ ಕೂತು ಹೇಳಿದ್ದ ಬಾವಿಗೆ ಬಿದ್ದ ಹುಡುಗಿ ಇಲ್ಲಿ ಗೋಡೆಯ ಫೋಟೊದಲ್ಲಿ ಗಂಡನ ಪಕ್ಕ ಕೂತಿದ್ದಳು. ಒಂದೇ ವಾರ, ಇಬ್ಬರು, ಎರಡೂ ಹೆಣವಿಲ್ಲ. ನಮ್ಮೂರಿನಲ್ಲಿ ಈ ಎರಡು ಸುದ್ದಿಯನ್ನು ಒಂದೇ ತಟ್ಟೆಯಲ್ಲಿ ಇಟ್ಟು ನೋಡುವಷ್ಟು ಧೈರ್ಯ ಯಾರೂ ಮಾಡಿರಲಿಲ್ಲ. ಬದುಕಿದ್ದಾರೆಂದು ತಿಳಿದಿದ್ದರೆ ಎರಡೂ ಮನೆಯವರು ಹುಡುಕಿ ಎಳೆತರುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಸತ್ತದ್ದರಿಂದಲೇ ಅವರು ಬದುಕಿಕೊಂಡರು.

ಆದರೂ ನನಗೆ ಕಡೆಯ ಒಂದು ಪರೀಕ್ಷೆ ಬೇಕಿತ್ತು. ನಾನಾಗಿ ಏನೂ ಸುಳಿವು ಕೊಡದೆ ದೊಡ್ಡಪ್ಪನನ್ನು ಕೇಳಿದೆ, “ನಿಮ್ಮಪ್ಪ ಊರಿನವರ ಬಗ್ಗೆ ಯಾವತ್ತೂ ಏನೂ ಅಂದಿಲ್ಲೇನ್ರಿ?”

“ಏನೂ ಇಲ್ಲವಾ. ಕೇಳಿದ್ರ ಪ್ಲೇಗು ಅಂತಿದ್ದ, ಮುಗೀತು.” ಅವರು ತಲೆ ಕೆರೆದುಕೊಂಡರು. “ಒಂದು ಮಾತ್ರ ಇತ್ತು. ಪಂಚಮಿಗೆ ಹೆಣ್ಮಕ್ಕಳ ಕೈಯಾಗ ಬಟ್ಟಲು ಕೊಡ್ತಿದ್ದಿಲ್ಲ, ತಾನೇ ಹಾಲು ಹಾಕ್ತಿದ್ದ. ಓಣಿ ಮಂದಿ ನಗ್ತಿದ್ರು. ಎಲ್ಲಾರ ಪಾಲು ಹೇಳಿ ಕಡೀಗೆ ಒಂದು, ‘ತಂಗಿ ಪಾಲು.’ ನಮಗೆಲ್ಲಿ ಅತ್ತಿ ಅದಾಳ ಅಂತ ನಮ್ಮವ್ವಗ ಕೇಳಿದ್ರ ಆಕಿ ಒಲಿ ಕಡೆ ಮುಖ ಮಾಡಿ ಕೂಡ್ತಿದ್ಲು.”

ಅಕ್ಕ ತನ್ನ ಅಪ್ಪನ ಕಡೆ ತಿರುಗಿದಳು. “ಎಲ್ಲಾರೂ ಪ್ಲೇಗಿನಾಗ ಸತ್ತಿದ್ರ ಯಾವ ತಂಗಿಗೆ ಹಾಲು ಹಾಕ್ತಿದ್ದ? ಇಷ್ಟು ವರ್ಷ ನಾ ಕೇಳ್ಳೇ ಇಲ್ಲ ನೋಡು.”

“ಸಾಯೋ ಮುಂದ ಇನ್ನೊಂದು ಮಾತು ಅಂದ,” ದೊಡ್ಡಪ್ಪ ಮುಂದುವರಿಸಿದರು. “‘ಊರಾಗ ನಾ ಸತ್ತೀನಿ. ಅದು ಸುಳ್ಳಂತ ಒಬ್ಬಾಕಿಗೆ ಗೊತ್ತದ. ಆಕಿ ಇನ್ನೂ ಬಾಯಿ ಬಿಟ್ಟಿಲ್ಲ’ ಅಂದ. ಯಾವಾಕೀನೋ ಏನೋ. ನಮ್ಮವ್ವನ ಗೆಳತಿ ಯಾರೋ ಇರಬೇಕು ಅನ್ಕೊಂಡ್ವಿ.”

ನಾನು ಹೋಳಿಗೆಯ ಗಂಟು ಬಿಚ್ಚಿ ಅವರ ಮುಂದಿಟ್ಟೆ. ಸಣ್ಣಾಯಿಯ ಬಗ್ಗೆ ಹೇಳಿದೆ, ಅವಳ ದೊಡ್ಡಣ್ಣನ ಪಾಲಿನ ಬಗ್ಗೆಯೂ ಹೇಳಿದೆ. ದೊಡ್ಡಪ್ಪ ಎರಡೂ ಕೈಯಿಂದ ಮುಖ ಒರೆಸಿಕೊಂಡು, ಇವತ್ತೇ ಹೋಗೋಣ ನಡಿ ಅಂತ ಎದ್ದುನಿಂತರು. ಅಕ್ಕ ಅಂಗಿ ಹಿಡಿದು ಕೂರಿಸಿದಳು. ಮೊದಲು ಸಾವಿನ ಸುದ್ದಿ ಹೋಗಬೇಕು, ಆಮೇಲೆ ಮಂದಿ ಹೋಗಬೇಕು ಅಂದಳು. ಅವಳ ಮಾತು ಸರಿ ಇತ್ತು.

ಮನೆಗೆ ಬಂದಾಗ ಸಣ್ಣಾಯಿ ಕಟ್ಟೆಯ ಮೇಲೆ ತೊಗರಿಬೇಳೆ ಕೇರುತ್ತಿದ್ದಳು. ಸಿಕ್ಕರು ಅಂದೆ. ಮೊರ ನಿಲ್ಲಲಿಲ್ಲ.

“ಅದಾನೇನು?”

“ಇಲ್ಲ ಸಣ್ಣಾಯಿ. ಹದಿನೈದು ವರ್ಷ ಆತು.”

ಅವಳು ಇನ್ನೂ ನಾಲ್ಕು ಸಲ ಕೇರಿದಳು. ಹೊಟ್ಟು ಅಂಗಳಕ್ಕೆ ಹಾರಿತು. “ಹಂಗಾದ್ರ ಹದಿನೈದು ಪಂಚಮಿ ಹಾಲು ಯಾರ ಬಾಯಿಗೆ ಹ್ವಾತು?”

ಮಗ, ಮೊಮ್ಮಗಳು, ನೀಲಿ ಬಾಗಿಲು, ಗೋಡೆಯ ಫೋಟೊ, ಅವನು ಹಾಕುತ್ತಿದ್ದ ತಂಗಿ ಪಾಲು, ಒಂದೊಂದಾಗಿ ಹೇಳುತ್ತಾ ಹೋದೆ. ಸಾಯುವ ಮುಂದೆ ಅವನು ಅಂದ ‘ಒಬ್ಬಾಕಿಗೆ ಗೊತ್ತದ’ ಎಂಬ ಮಾತೊಂದನ್ನು ಮಾತ್ರ ಹೇಳಲಿಲ್ಲ. ತಂಗಿ ಪಾಲು ಅಂದಾಗ ಅವಳು ಮೊರ ಕೆಳಗಿಟ್ಟಳು. “ನೀರು ಕಾಸು” ಅಂದಳು. ಸಾವಿನ ಸುದ್ದಿ ಎಷ್ಟು ತಡವಾಗಿ ಬಂದರೂ ಕೇಳಿದ ದಿನ ತಲೆಗೆ ನೀರು ಹಾಕಿಕೊಳ್ಳಬೇಕು. ಅವ್ವ ಹಂಡೆಗೆ ಉರಿ ಹಾಕಿದಳು, ನಾನು ಬೆನ್ನಿಗೆ ನೀರು ಸುರಿದೆ. ಆ ಬೆನ್ನು ಇಷ್ಟು ಸಣ್ಣದೆಂದು ನನಗೆ ಅವತ್ತೇ ಗೊತ್ತಾದದ್ದು.

ಈ ವರ್ಷದ ಪಂಚಮಿಗೆ ಎರಡು ದಿನ ಮೊದಲು ದೊಡ್ಡಪ್ಪ ಮತ್ತು ಅಕ್ಕ ನಮ್ಮ ಮನೆಗೆ ಬಂದರು. ಸೀರೆ, ಕುಬಸದ ಕಣ, ಜೋಳದ ಅಳ್ಳು, ತಂಬಿಟ್ಟು, ಒಂದು ಚೀಲ ತುಂಬ. ದೊಡ್ಡಪ್ಪ ಸಣ್ಣಾಯಿಯ ಕಾಲು ಮುಟ್ಟಿ, “ತವರಿಂದ ಕರಿಯಾಕ ಬಂದೀನಿ ಅತ್ತಿ” ಅಂದರು. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ಕರೆದೊಯ್ಯಬೇಕು, ಅಣ್ಣನಿಲ್ಲದಿದ್ದರೆ ಅಣ್ಣನ ಮಗ.

ಸಣ್ಣಾಯಿ ಅವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. “ಈಗ ನೆನಪಾತೇನು ತವರಿನವರಿಗೆ?”

“ಬಸ್ಸು ಲೇಟಾತು ಸಣ್ಣಾಯಿ,” ಅಕ್ಕ ಅಂದಳು.

ಅಪ್ಪನಿಗೆ ಮಾತ್ರ ಇದು ಸರಿಬರಲಿಲ್ಲ. “ಅಣ್ಣಾ, ಆಕಿ ಹುಟ್ಟಿದ ಮನಿ ಇದೇ. ಇಲ್ಲಿಂದ ಯಾವ ತವರಿಗೆ ಕರಕೊಂಡು ಹೋಗ್ತಿ?”

“ಹಿರಿಮಗ ಎಲ್ಲಿದ್ದನೋ ಅದು ತವರು.”

“ಗೋಡಿ ಇಲ್ಲೇ ಅದಾವ, ಹೊಸ್ತಿಲೂ ಇಲ್ಲೇ ಅದ.”

“ಗೋಡಿ ಬಂದು ಕರೀತದೇನು ತಮ್ಮಾ?”

ಅಪ್ಪ ನನ್ನ ಕಡೆ ನೋಡಿದ, ವಾದಕ್ಕೆ ಜೊತೆ ಕೊಡಲಿ ಅಂತ. ನಾನು ಎದುರು ಪಕ್ಷದಲ್ಲಿದ್ದೆ. ಸಣ್ಣಾಯಿ ಆಗಲೇ ಒಳಗೆ ಹೋಗಿ ಸೀರೆ ಮಡಚುತ್ತಿದ್ದಳು. ಅವಳ ಜೊತೆ ನಾನೂ ಹೋದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಇಷ್ಟೇ ದೂರನಾ, ಇಷ್ಟೇ ದೂರನಾ ಅಂತ ಎರಡು ಸಲ ಕೇಳಿದಳು.

ಪಂಚಮಿಯ ಬೆಳಿಗ್ಗೆ ಅಕ್ಕನ ಮನೆಯ ಹಿಂದಿನ ನಾಗಪ್ಪನ ಕಲ್ಲಿನ ಮುಂದೆ ಬಟ್ಟಲನ್ನು ಸಣ್ಣಾಯಿಯ ಕೈಗೇ ಕೊಟ್ಟರು. ದೇವರ ಪಾಲು ಅಂದಳು. ನಮ್ಮಪ್ಪನ ಪಾಲು, ಅವ್ವನ ಪಾಲು, ನನ್ನ ಪಾಲು. ಆಮೇಲೆ ದೊಡ್ಡಪ್ಪನ ಪಾಲು, ಅಕ್ಕನ ಪಾಲು, ಅಕ್ಕನ ಪುಟ್ಟ ಮಗಳ ಪಾಲು. ಹೊಸ ಹೆಸರು ಬಂದಾಗಲೆಲ್ಲ ಕೈ ಸ್ವಲ್ಪ ತಡೆದು ನಮ್ಮ ಕಡೆ ನೋಡುತ್ತಿದ್ದಳು, ನಾವು ಹೂಂ ಅಂದ ಮೇಲೆ ಹಾಕುತ್ತಿದ್ದಳು. ಎಲ್ಲಾ ಮುಗಿಯಿತು. ಬಟ್ಟಲಲ್ಲಿ ಒಂದು ಗುಟುಕು ಉಳಿದಿತ್ತು. ತುಟಿ ಅಲ್ಲಾಡಿತು, ಮಾತು ಹೊರಗೆ ಬರಲಿಲ್ಲ. ಎರಡು ವರ್ಷದ ಹಿಂದೆ ಅವಳು ಕೇಳಿದ್ದ ಪ್ರಶ್ನೆಗೆ ಉತ್ತರ ತಂದುಕೊಟ್ಟವಳು ನಾನೇ. ಆ ಗಳಿಗೆಯಲ್ಲಿ ತರಬಾರದಿತ್ತೇನೋ ಅನ್ನಿಸಿತು.

ಸಣ್ಣಾಯಿ ಬಟ್ಟಲನ್ನು ಅಕ್ಕನ ಕೈಗೆ ಕೊಟ್ಟಳು. “ನಿಮ್ಮ ಮುತ್ಯಾ ಕಡೀಗೆ ಒಂದು ಹಾಕ್ತಿದ್ನಂತಲ್ಲ. ಅದನ್ನ ಹಾಕು. ನಾ ಕೇಳಬೇಕು.”

ಅಕ್ಕ ಬಾಗಿ ಹಾಲು ಬಿಟ್ಟಳು. “ತಂಗಿ ಪಾಲು.”

ಸಣ್ಣಾಯಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು. “ಸಾಕು,” ಅಂದಳು. “ಇನ್ನ ನಂದು ನಿಂತ್ರೂ ನಡೀತದ.”

ಊಟ ಆದ ಮೇಲೆ ಓಣಿಯ ಹುಡುಗಿಯರು ಜೋಕಾಲಿ ಆಡುತ್ತಿದ್ದರು. ನಾನೂ ಸಣ್ಣಾಯಿಯೂ ಕಲ್ಲು ಮೆಟ್ಟಿಲ ಮೇಲೆ ಕೂತಿದ್ದೆವು. ಅವಳ ಮಡಿಲಲ್ಲಿ ಅಕ್ಕನ ಮಗಳು ಅಳ್ಳು ತಿನ್ನುತ್ತಿದ್ದಳು. ಇಂಥ ಮನೆಯೊಂದನ್ನು, ನನಗಿಂತ ಚುರುಕು ನಾಲಗೆಯ ಅಕ್ಕನನ್ನು ನನಗೆ ಕೊಟ್ಟದ್ದಕ್ಕೆ ಯಾರಿಗೆ ಋಣಿಯಾಗಿರಬೇಕು ಎಂದು ಯೋಚಿಸುತ್ತಿದ್ದೆ. ಮಾಸ್ತರರು, ಅವ್ವ, ಲಾಪತಾ ಎಂದು ಬರೆದ ಗುಮಾಸ್ತ. ಎಣಿಸುತ್ತಾ ಹೋದರೆ ಎಲ್ಲವೂ ಬಂದು ನಿಲ್ಲುತ್ತಿದ್ದದ್ದು ಪಕ್ಕದಲ್ಲಿ ಕೂತವಳ ಹತ್ತಿರವೇ. ಆ ಕಾಲಕ್ಕೆ ಒಂದು ಮಾತು ಜಾರಿದ್ದರೆ ಈ ಮನೆಯೇ ಇರುತ್ತಿರಲಿಲ್ಲ.

ನನ್ನ ಬಳಿ ಮೂರು ಮಾತು ಉಳಿದಿದ್ದವು. ಅಪ್ಪ ಹೇಳಿದ ‘ಯಾರೋ ಬಂದು ಹೇಳಿದ್ರಂತ.’ ದೊಡ್ಡಪ್ಪ ಹೇಳಿದ ‘ಒಬ್ಬಾಕಿಗೆ ಗೊತ್ತದ.’ ಸಣ್ಣಾಯಿಯೇ ಹೇಳಿದ ‘ಇನ್ನೊಮ್ಮಿ ನನ್ನ ಕೈಲೆ ಸಾಯಿಸಲಾರೆ.’ ವೇದಿಕೆಯ ಮೇಲಾಗಿದ್ದರೆ ಮೂರನ್ನೂ ಒಂದರ ಹಿಂದೊಂದು ಎಸೆದು ಕೂತುಬಿಡುತ್ತಿದ್ದೆ. ಇಲ್ಲಿ ಹಾಗಾಗಲಿಲ್ಲ. ಆರೇಳು ವರ್ಷದ ಹುಡುಗಿಯೊಬ್ಬಳು ಅಳುವ ಅವ್ವನ ಎದುರು ವರ್ಷಗಟ್ಟಲೆ ಬಾಯಿ ಬಿಗಿಹಿಡಿದು ಕೂತದ್ದು ಕಣ್ಣಿಗೆ ಕಟ್ಟುತ್ತಿತ್ತು. ಆದರೂ ಕೇಳದೆ ಇರಲಾಗಲಿಲ್ಲ. ಅವಳ ಕೈ ಹಿಡಿದುಕೊಂಡು, ಮಗುವಿಗೆ ಕೇಳದ ಹಾಗೆ ಕೇಳಿದೆ.

“ಸಣ್ಣಾಯಿ, ಆವತ್ತು ಹಳ್ಳದ ಕಡೆಯಿಂದ ಓಡಿ ಬಂದು, ಅಣ್ಣ ಸತ್ತ ಅಂತ ನಿಮ್ಮವ್ವಗ ಹೇಳಿದ್ದು ಯಾರು?”